ವಾಸಕ್ಕೆ ಯೋಗ್ಯವಲ್ಲದ ಮನೆ: ಗುರುತಿಸುವ ಬಗೆ ಮತ್ತು ಪರಿಹಾರ ಪಡೆಯುವ ವಿಧಾನ

ತಲೆಯ ಮೇಲೊಂದು ಸೂರು ಇದ್ದ ಮಾತ್ರಕ್ಕೆ ಕುಟುಂಬವೊಂದಕ್ಕೆ ಮನೆ ಇದೆಯೆಂದು ಭಾವಿಸಲಾಗದು. ಗೋಡೆ ಬಿರಿದು, ಸೂರು ಸೋರಿ, ಗಾಳಿ ಬೆಳಕಿಲ್ಲದೆ, ಶೌಚಾಲಯವಿಲ್ಲದೆ ಇರುವ ಕಟ್ಟಡವು ಹೆಸರಿಗೆ ಮನೆಯಾದರೂ ಕಾನೂನಿನ ದೃಷ್ಟಿಯಲ್ಲಿ ವಾಸಕ್ಕೆ ಯೋಗ್ಯವಾದುದಲ್ಲ. ಇಂತಹ ಮನೆಗಳಲ್ಲಿ ವಾಸಿಸುತ್ತಿರುವ ನಾಗರಿಕರಿಗೆ ರಾಜ್ಯ ಹಾಗೂ ಕೇಂದ್ರ ಸರ್ಕಾರಗಳ ಹಲವು ಯೋಜನೆಗಳು ಲಭ್ಯವಿವೆ. ಆದರೆ ಸದರಿ ಯೋಜನೆಗಳು ಬೇರೆಬೇರೆ ಕಚೇರಿಗಳಲ್ಲಿ, ಬೇರೆಬೇರೆ ಷರತ್ತುಗಳಿಗೊಳಪಟ್ಟು ಜಾರಿಯಲ್ಲಿರುವುದರಿಂದ, ಅರ್ಜಿದಾರರು ತಮ್ಮ ಮನೆಯ ನ್ಯೂನತೆ ಯಾವ ಬಗೆಯದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅವಶ್ಯಕ. ಕುಸಿಯುವ ಹಂತದಲ್ಲಿರುವ ಮನೆ, ಇಕ್ಕಟ್ಟಾದ ಮನೆ, ಚರಂಡಿ ಇಲ್ಲದ ಬಡಾವಣೆಯ ಮನೆ ಮತ್ತು ಹಕ್ಕುಪತ್ರವಿಲ್ಲದ ಜಾಗದ ಮನೆ ಇವು ನಾಲ್ಕು ಬೇರೆ ಸಮಸ್ಯೆಗಳು. ಇವುಗಳ ಪರಿಹಾರವೂ ನಾಲ್ಕು ಬಗೆಯದು. "ನಮಗೆ ಮನೆ ಮಂಜೂರು ಮಾಡಿಕೊಡಿ" ಎಂಬ ಒಂದೇ ಸಾಲಿನ ಅರ್ಜಿಯಿಂದ ಇವುಗಳಲ್ಲಿ ಯಾವುದೆಂದು ತಿಳಿಯುವುದಿಲ್ಲ. ಅಂತಹ ಅರ್ಜಿಯು ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ, ಅರ್ಜಿದಾರರೂ ಅದರ ಹಿಂದೆಯೇ ಅಲೆಯಬೇಕಾಗುತ್ತದೆ.

ಈ ಭೇದವು ಎಷ್ಟು ಮುಖ್ಯವೆಂಬುದನ್ನು ಅಂಕಿಅಂಶಗಳೇ ತೋರಿಸುತ್ತವೆ. ದೇಶದ ನಗರಗಳಲ್ಲಿನ ವಸತಿ ಕೊರತೆಯನ್ನು ಅಂದಾಜು ಮಾಡಲು ಕೇಂದ್ರ ಸರ್ಕಾರವು ರಚಿಸಿದ್ದ ತಾಂತ್ರಿಕ ಸಮಿತಿಯು 2012ರಲ್ಲಿ ಸದರಿ ಕೊರತೆಯನ್ನು 1 ಕೋಟಿ 87.8 ಲಕ್ಷ ಮನೆಗಳೆಂದು ಲೆಕ್ಕ ಹಾಕಿತು. ಇದರಲ್ಲಿ ಮನೆಯೇ ಇಲ್ಲದವರ ಪಾಲು 5.3 ಲಕ್ಷ ಮಾತ್ರ. ಬಾಳಿಕೆ ಮುಗಿದ ಹಳೆಯ ಮನೆಗಳು 22.7 ಲಕ್ಷ, ದುರಸ್ತಿಗೂ ಒಗ್ಗದ ಕಚ್ಚಾ ಮನೆಗಳು 9.9 ಲಕ್ಷ. ಉಳಿದ ಸುಮಾರು 1 ಕೋಟಿ 50 ಲಕ್ಷ ಕುಟುಂಬಗಳು ಮನೆ ಇದ್ದೂ ಇಕ್ಕಟ್ಟಿನಲ್ಲಿ ಬದುಕುತ್ತಿದ್ದವು. ಅಂದರೆ ನಗರಗಳ ವಸತಿ ಸಮಸ್ಯೆಯ ಬಹುಪಾಲು ಮನೆ ಇಲ್ಲದವರದಲ್ಲ, ಇರುವ ಮನೆ ಸಾಲದವರದು ಹಾಗೂ ಸರಿಯಿಲ್ಲದವರದು.

ಕಾನೂನು ಹೇಳುವ ಏಳು ಅಂಶಗಳು

ಮನೆಯೊಂದು ವಾಸಯೋಗ್ಯವೇ ಅಲ್ಲವೇ ಎಂಬುದು ಅಧಿಕಾರಿಯ ಇಚ್ಛೆಗೆ ಬಿಟ್ಟ ವಿಷಯವಲ್ಲ. ಕರ್ನಾಟಕ ಕೊಳಚೆ ಪ್ರದೇಶಗಳ (ಅಭಿವೃದ್ಧಿ ಮತ್ತು ನಿರ್ಮೂಲನೆ) ಅಧಿನಿಯಮ, 1973 ಇದಕ್ಕೆ ಅಳತೆಗೋಲನ್ನು ಒದಗಿಸಿದೆ. ಕಟ್ಟಡದ ದುರಸ್ತಿ ಸ್ಥಿತಿ, ಅದರ ಭದ್ರತೆ, ತೇವದಿಂದ ಮುಕ್ತವಾಗಿರುವಿಕೆ, ಸಹಜ ಬೆಳಕು ಮತ್ತು ಗಾಳಿ, ನೀರಿನ ಸರಬರಾಜು, ಚರಂಡಿ ಮತ್ತು ಶೌಚ ವ್ಯವಸ್ಥೆ, ಹಾಗೂ ಆಹಾರವನ್ನು ಇಡಲು, ಬೇಯಿಸಲು ಮತ್ತು ಬಚ್ಚಲ ನೀರನ್ನು ಹೊರಹಾಕಲು ಇರುವ ಅನುಕೂಲ ಈ ಏಳು ಅಂಶಗಳನ್ನು ಪರಿಗಣಿಸತಕ್ಕದ್ದು ಎಂಬುದು ಅದರ ಸಾರಾಂಶ. ಇವುಗಳಲ್ಲಿ ಒಂದರಲ್ಲೇ ಆಗಲಿ, ಹಲವಲ್ಲಿ ಆಗಲಿ, ವಾಸಕ್ಕೆ ಒಗ್ಗದಷ್ಟು ನ್ಯೂನತೆ ಇದ್ದಲ್ಲಿ ಆ ಕಟ್ಟಡವನ್ನು ವಾಸಯೋಗ್ಯವಲ್ಲವೆಂದು ಪರಿಗಣಿಸಬಹುದು. ಏಳೂ ಕೆಟ್ಟಿರಬೇಕೆಂಬ ನಿಯಮವಿಲ್ಲ.

ಈ ಅಧಿನಿಯಮವು ನಗರಗಳ ಕೊಳಚೆ ಪ್ರದೇಶಗಳಿಗೆ ಅನ್ವಯಿಸುವುದಾದರೂ, ಹಳ್ಳಿಯ ಅರ್ಜಿದಾರರೂ ತಮ್ಮ ಮನೆಯ ಸ್ಥಿತಿಯನ್ನು ವಿವರಿಸಲು ಇದೇ ಏಳು ಅಂಶಗಳನ್ನು ಬಳಸಿಕೊಳ್ಳುವುದು ಸೂಕ್ತ. ಪರಿಶೀಲನೆಗೆ ಬರುವ ಸಿಬ್ಬಂದಿಗೆ "ಮನೆ ಚೆನ್ನಾಗಿಲ್ಲ" ಎಂಬ ಮಾತಿಗಿಂತ "ಹಿಂಬದಿಯ ಗೋಡೆ ಹೊರಕ್ಕೆ ವಾಲಿದೆ, ಅಡಿಗೆಗೆ ಪ್ರತ್ಯೇಕ ಜಾಗವಿಲ್ಲ, ಶೌಚಾಲಯವಿಲ್ಲ" ಎಂಬ ಮಾತು ಹೆಚ್ಚು ಉಪಯುಕ್ತ.

ಇಂತಹ ಮನೆಗಳ ಪ್ರಶ್ನೆಯು ಕೇವಲ ಅನುಕೂಲದ ಪ್ರಶ್ನೆಯಲ್ಲ ಎಂಬುದನ್ನು ರಾಜ್ಯದ ಇತಿಹಾಸವೂ ನೆನಪಿಸುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಬಂದೆರಗಿದಾಗ ಪೇಟೆಯ ಇಕ್ಕಟ್ಟಾದ ಓಣಿಗಳು ಅದರ ಹರಡುವಿಕೆಗೆ ಕಾರಣವೆಂದು ಕಂಡುಬಂದು, ಅಗಲ ರಸ್ತೆ ಮತ್ತು ಚರಂಡಿಗಳುಳ್ಳ ಬಸವನಗುಡಿ ಹಾಗೂ ಮಲ್ಲೇಶ್ವರ ಬಡಾವಣೆಗಳು ಬೆಳೆದವು. 1903ರಲ್ಲಿ ಮೈಸೂರಿನಲ್ಲಿ ನಗರ ಸುಧಾರಣಾ ವಿಶ್ವಸ್ತ ಮಂಡಳಿಯು ರಚನೆಯಾಯಿತು. ಇಂದು ಪ್ಲೇಗ್ ಇಲ್ಲದಿದ್ದರೂ, ಕಿಟಕಿ ಇಲ್ಲದ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳಲ್ಲಿ ಕ್ಷಯರೋಗವು ಒಬ್ಬರಿಂದ ಮತ್ತೊಬ್ಬರಿಗೆ ಸುಲಭವಾಗಿ ಹರಡುತ್ತದೆ. ಹೊಗೆಗೂಡಿಲ್ಲದ ಕಟ್ಟಿಗೆ ಒಲೆಯ ಹೊಗೆಯು ಹೆಂಗಸರು ಹಾಗೂ ಮಕ್ಕಳ ಶ್ವಾಸಕೋಶವನ್ನು ಕೆಡಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು ಚಮೇಲಿ ಸಿಂಗ್ ಪ್ರಕರಣದಲ್ಲಿ 1995ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ, ವಸತಿಯ ಹಕ್ಕೆಂದರೆ ಕೇವಲ ತಲೆಯ ಮೇಲಿನ ಸೂರಲ್ಲ, ಸಾಕಷ್ಟು ಸ್ಥಳ, ಭದ್ರವಾದ ಕಟ್ಟಡ, ಶುಚಿಯಾದ ಪರಿಸರ, ಬೆಳಕು, ಗಾಳಿ, ನೀರು, ವಿದ್ಯುತ್ ಹಾಗೂ ಶೌಚ ವ್ಯವಸ್ಥೆಗಳನ್ನು ಒಳಗೊಂಡದ್ದು ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದೆ.

ಮನೆಯನ್ನು ಪರಿಶೀಲಿಸುವ ಕ್ರಮ

ರಾಜ್ಯದ ಎಲ್ಲ ಭಾಗಗಳಲ್ಲೂ ಮನೆಗಳು ಒಂದೇ ರೀತಿ ಕೆಡುವುದಿಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಿ ಎರಚಲು ಮಳೆಯು ಗೋಡೆಯ ಬುಡವನ್ನು ಕೊರೆಯುತ್ತದೆ, ಹೆಂಚಿನ ಕೆಳಗಿನ ರೀಪು ಮತ್ತು ಪಕಾಸಿಗಳು ಗೆದ್ದಲು ಹಿಡಿದು ಕುಂಬಾಗುತ್ತವೆ. ಉತ್ತರ ಕರ್ನಾಟಕದ ಬಯಲು ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಬೇಸಿಗೆಯಲ್ಲಿ ತಂಪಾಗಿದ್ದರೂ, ಮೇಲ್ಮುದ್ದೆಯ ಮಣ್ಣನ್ನು ಸಕಾಲಕ್ಕೆ ಸರಿಪಡಿಸದಿದ್ದಲ್ಲಿ ನಾಲ್ಕಾರು ದಿನದ ಜಡಿಮಳೆಗೆ ನೀರು ಕುಡಿದು ಭಾರವಾಗಿ, ಜಂತೆಗಳ ಸಮೇತ ಕುಸಿಯುತ್ತವೆ. ನಗರಗಳಲ್ಲಿ ತಗಡು ಅಥವಾ ಸಿಮೆಂಟ್ ಶೀಟಿನ ಸೂರು ಬೇಸಿಗೆಯಲ್ಲಿ ಒಳಗಿನವರನ್ನು ಬೇಯಿಸುತ್ತದೆ. ತಗ್ಗಿನ ಜಾಗವಾದರೆ ಮಳೆಗಾಲದಲ್ಲಿ ರಾಜಕಾಲುವೆಯ ನೀರು ಒಳಗೆ ನುಗ್ಗುತ್ತದೆ.

ಮಣ್ಣಿನ ಮನೆಯೆಂದ ಮಾತ್ರಕ್ಕೆ ಅದು ಕಳಪೆಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಸೂಕ್ತ. ಕಲ್ಲಿನ ಬುನಾದಿ, ನೆಲದಿಂದ ಎರಡಡಿ ಎತ್ತರದ ಪಾಯ, ಚಾಚಿದ ಸೂರಂಚು ಇರುವ ಮಣ್ಣಿನ ಮನೆಯು ಎರಡು ಮೂರು ತಲೆಮಾರು ಬಾಳಿರುವ ಉದಾಹರಣೆಗಳು ಎಲ್ಲ ಜಿಲ್ಲೆಗಳಲ್ಲೂ ಇವೆ. ಕೆಡುಕಿನ ಮೂಲ ಬಹುಮಟ್ಟಿಗೆ ನೀರು. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ, ಬಚ್ಚಲ ನೀರು ಗೋಡೆಯ ಪಕ್ಕದಲ್ಲೇ ಇಂಗುತ್ತಿದ್ದರೆ, ಮನೆಯ ಮುಂದಿನ ರಸ್ತೆಗೆ ಮೇಲಿಂದ ಮೇಲೆ ಕಾಂಕ್ರೀಟ್ ಹಾಕಿ ಅದು ಮನೆಯ ನೆಲಕ್ಕಿಂತ ಎತ್ತರವಾಗಿದ್ದರೆ ಯಾವ ಗೋಡೆಯೂ ನಿಲ್ಲುವುದಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಯುವ ರೂಢಿಯೂ ಹಾನಿಕರ. ಸಿಮೆಂಟ್ ಪದರವು ಒಳಗಿನ ತೇವವನ್ನು ಹೊರಬಿಡದೆ ಹಿಡಿದಿಟ್ಟು, ಕೆಲವೇ ವರ್ಷಗಳಲ್ಲಿ ಹೊಪ್ಪಳೆಯಾಗಿ ಕಳಚಿ ಬೀಳುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಂಡ ಗೋಡೆಯ ಒಳಗಿನ ಮಣ್ಣು ಅಷ್ಟರಲ್ಲಿ ಕರಗಿರುತ್ತದೆ. ಮಣ್ಣು ಅಥವಾ ಸುಣ್ಣದ ಗಾರೆಯೇ ಇಂತಹ ಗೋಡೆಗೆ ಹೊಂದುತ್ತದೆ.

ಗೋಡೆಯಲ್ಲಿನ ಬಿರುಕುಗಳೆಲ್ಲವೂ ಅಪಾಯದ ಸೂಚನೆಯಲ್ಲ. ಗಾರೆಯ ಮೇಲಿನ ಕೂದಲೆಳೆಯಂತಹ ಬಿರುಕು ಒಣಗುವಾಗ ಉಂಟಾಗುವಂಥದು. ಆದರೆ ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಸಾಗುವ ಬಿರುಕು, ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗುವ ಬಿರುಕು, ಗೋಡೆಯ ಎರಡೂ ಮಗ್ಗುಲಲ್ಲಿ ಕಾಣಿಸುವ ಬಿರುಕು ಬುನಾದಿ ಕುಸಿಯುತ್ತಿರುವುದನ್ನು ಸೂಚಿಸುತ್ತವೆ. ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ದಿನಾಂಕ ಬರೆದಿಟ್ಟಲ್ಲಿ ಅದು ಬೆಳೆಯುತ್ತಿದೆಯೇ ಎಂಬುದು ತಿಂಗಳೊಳಗೆ ತಿಳಿಯುತ್ತದೆ. ಗೋಡೆಯ ಹೊಟ್ಟೆ ಉಬ್ಬಿದ್ದಲ್ಲಿ, ಮೊದಲು ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಏಕಾಏಕಿ ಬಿಗಿಯಾದಲ್ಲಿ, ಜಂತೆ ಅಥವಾ ತೊಲೆಯು ಗೋಡೆಯ ಮೇಲೆ ಕೂರುವ ಜಾಗದಲ್ಲಿ ಮಣ್ಣು ಉದುರುತ್ತಿದ್ದಲ್ಲಿ ಆ ಭಾಗದಲ್ಲಿ ಮಲಗುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಮಣ್ಣಿನ ಗೋಡೆಗಳು ಮಳೆ ಸುರಿಯುವಾಗಲೇ ಬೀಳುತ್ತವೆಂದೇನಿಲ್ಲ. ಮಳೆ ನಿಂತ ನಂತರ, ಜನರು ನಿಶ್ಚಿಂತೆಯಿಂದ ಮಲಗಿರುವ ರಾತ್ರಿಯಲ್ಲಿ ಬಿದ್ದು ಜೀವಹಾನಿ ಸಂಭವಿಸುವುದುಂಟು.

ಸ್ಥಳ ಮತ್ತು ಗಾಳಿಯ ವಿಷಯದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಳತೆಗಳನ್ನು ಮಾರ್ಗದರ್ಶಿಯಾಗಿ ಇಟ್ಟುಕೊಳ್ಳಬಹುದು. ಅದರ ಪ್ರಕಾರ ಒಂದೇ ವಾಸದ ಕೋಣೆಯಿದ್ದಲ್ಲಿ ಅದು 9.5 ಚದರ ಮೀಟರ್‌ಗಿಂತ, ಅಂದರೆ ಸುಮಾರು 102 ಚದರ ಅಡಿಗಿಂತ ಕಡಿಮೆ ಇರಕೂಡದು. ಅದರ ಅಗಲ 2.4 ಮೀಟರ್‌ಗಿಂತ ಕಿರಿದಾಗಿರಕೂಡದು. ಕಿಟಕಿ ಮುಂತಾದ ತೆರಪುಗಳ ಒಟ್ಟು ವಿಸ್ತೀರ್ಣವು ಒಣ ಹವೆಯ ಬಿಸಿ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗ, ಕರಾವಳಿಯಂತಹ ತೇವದ ಬಿಸಿ ಪ್ರದೇಶದಲ್ಲಿ ಆರನೇ ಒಂದು ಭಾಗದಷ್ಟಾದರೂ ಇರತಕ್ಕದ್ದು. ರಾಯಚೂರಿನಂತಹ ಊರಿನ 100 ಚದರ ಅಡಿಯ ಕೋಣೆಗೆ ಎರಡೂವರೆ ಅಡಿ ಅಗಲ, ನಾಲ್ಕಡಿ ಎತ್ತರದ ಒಂದು ಕಿಟಕಿ ಈ ಲೆಕ್ಕಕ್ಕೆ ಸಾಕು. ಅಂತಹ ಒಂದು ಕಿಟಕಿಯನ್ನು ತೆರೆಯುವುದಕ್ಕೆ ಯಾವ ಯೋಜನೆಯ ಮಂಜೂರಾತಿಯನ್ನೂ ಕಾಯಬೇಕಾಗಿಲ್ಲ. ಹೊಗೆಯ ವಿಷಯವೂ ಹಾಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳಿಗೆ ತಲುಪಿದ ಅಸ್ತ್ರ ಒಲೆಯು, ಕಟ್ಟಿಗೆ ಉರಿಸುವ ಮನೆಗಳಿಗೆ ಇಂದಿಗೂ ಒಪ್ಪುವ ಸುಧಾರಣೆ.

ಮೊದಲು ಜಾಗದ ಹಕ್ಕು

ವಸತಿ ಅರ್ಜಿಗಳಿಗೆ ಎದುರಾಗುವ ಅತಿ ದೊಡ್ಡ ತೊಡಕು ಗೋಡೆಯದಲ್ಲ, ನೆಲದ್ದು. ಮನೆ ಕಟ್ಟಿಕೊಳ್ಳಲು ಸಹಾಯಧನ ನೀಡುವ ಯೋಜನೆಗಳು ಅರ್ಜಿದಾರರ ಬಳಿ ನಿವೇಶನವಿದೆಯೇ ಎಂಬುದನ್ನು ಮೊದಲು ನೋಡುತ್ತವೆ. ನಲವತ್ತು ವರ್ಷಗಳಿಂದ ಒಂದೇ ಜಾಗದಲ್ಲಿ ವಾಸವಿದ್ದು, ವಿದ್ಯುತ್ ಬಿಲ್ಲು, ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ ಎಲ್ಲವೂ ಅದೇ ವಿಳಾಸದಲ್ಲಿದ್ದರೂ ಇವು ವಾಸದ ಪುರಾವೆಗಳಷ್ಟೇ, ಒಡೆತನದ ದಾಖಲೆಗಳಲ್ಲ.

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ನೀಡಲಾಗುವ ನಮೂನೆ 9 ಮತ್ತು ನಮೂನೆ 11 ಆಸ್ತಿಯ ದಾಖಲೆಗಳಾಗಿರುತ್ತವೆ. ನಮೂನೆ 11-ಬಿ ಎಂಬುದು ತೆರಿಗೆ ವಸೂಲಾತಿಯ ದೃಷ್ಟಿಯಿಂದ ನೀಡುವಂಥದಾಗಿದ್ದು, ಅದರಿಂದ ಮಾತ್ರ ಜಾಗವು ಅಧಿಕೃತವಾಗುವುದಿಲ್ಲ. ನಗರಗಳಲ್ಲಿ 'ಬಿ' ಖಾತೆಯ ವಿಷಯದಲ್ಲೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ತೆರಿಗೆ ಕಟ್ಟಿದ ರಸೀದಿಯನ್ನು ಹಕ್ಕುಪತ್ರವೆಂದು ನಂಬಿ ಜಾಗ ಖರೀದಿಸಿದ ಕುಟುಂಬಗಳು ಮನೆ ಮಂಜೂರಾತಿಯ ಹಂತದಲ್ಲಿ ಸಂಕಷ್ಟಕ್ಕೆ ಸಿಲುಕುತ್ತವೆ.

ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡಿರುವ ಕುಟುಂಬಗಳಿಗಾಗಿ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರಲ್ಲಿ ಪ್ರತ್ಯೇಕ ಅವಕಾಶವಿದೆ. 94-ಸಿ ಪ್ರಕರಣವು ಗ್ರಾಮಾಂತರ ಪ್ರದೇಶಕ್ಕೂ 94-ಸಿಸಿ ಪ್ರಕರಣವು ನಗರ ಪ್ರದೇಶಕ್ಕೂ ಸಂಬಂಧಿಸಿದ್ದು, ಷರತ್ತುಗಳಿಗೊಳಪಟ್ಟು ವಾಸದ ಮನೆಯನ್ನು ಸಕ್ರಮಗೊಳಿಸಿ ಹಕ್ಕುಪತ್ರ ನೀಡಲು ಇವು ಅನುವು ಮಾಡಿಕೊಡುತ್ತವೆ. ಅರ್ಜಿ ಸಲ್ಲಿಸುವ ಅವಧಿಯನ್ನು ಸರ್ಕಾರವು ಕಾಲಕಾಲಕ್ಕೆ ನಿಗದಿಪಡಿಸುವುದರಿಂದ, ಆ ಅವಧಿ ತೆರೆದಿದೆಯೇ ಎಂಬುದನ್ನು ತಹಶೀಲ್ದಾರರ ಕಚೇರಿಯಲ್ಲಿ ಅಥವಾ ನಾಡಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕೆರೆಯಂಗಳ, ಅರಣ್ಯ, ರಸ್ತೆ ಮುಂತಾದ ಜಾಗಗಳಲ್ಲಿರುವ ಮನೆಗಳಿಗೆ ಈ ಸಕ್ರಮ ಅನ್ವಯವಾಗದು. ಅಂತಹ ಕುಟುಂಬಗಳು ಬೇರೆಡೆ ನಿವೇಶನ ಕೋರಿ ಅರ್ಜಿ ಸಲ್ಲಿಸುವುದೇ ಸರಿಯಾದ ಮಾರ್ಗ. ಸಕ್ರಮದ ಭರವಸೆಯಲ್ಲಿ ವರ್ಷಗಳನ್ನು ಕಳೆಯುವುದರಿಂದ ಪ್ರಯೋಜನವಿಲ್ಲ.

ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ ಮುಂತಾದ ದಾಖಲೆರಹಿತ ಜನವಸತಿಗಳ ನಿವಾಸಿಗಳ ವಿಷಯ ಬೇರೆ. ಇವರಿಗಾಗಿ ಭೂಕಂದಾಯ ಅಧಿನಿಯಮದಲ್ಲಿ 94-ಡಿ ಪ್ರಕರಣವನ್ನೂ, ಭೂ ಸುಧಾರಣೆಗಳ ಅಧಿನಿಯಮದಲ್ಲಿ 38-ಎ ಪ್ರಕರಣವನ್ನೂ ಸೇರಿಸಲಾಗಿದೆ. ಇವುಗಳ ಉದ್ದೇಶ ಅಂತಹ ವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಪರಿವರ್ತಿಸಿ ನಿವಾಸಿಗಳಿಗೆ ಹಕ್ಕುಪತ್ರ ನೀಡುವುದು. ಜನವರಿ 2023ರಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಲಾಯಿತು. ಹಕ್ಕುಪತ್ರ ಕೈಸೇರಿದ ಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗದೆ, ಪಂಚಾಯಿತಿಯಲ್ಲಿ ಖಾತೆಯಾಗಿರುವುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಮುಂದೆ ಮನೆಗೆ ಸಹಾಯಧನ ಅಥವಾ ಸಾಲ ಪಡೆಯುವಾಗ ಕೇಳುವುದು ಖಾತೆಯನ್ನೇ.

ಗ್ರಾಮಾಂತರ ಪ್ರದೇಶದಲ್ಲಿ

ರಾಜ್ಯದಲ್ಲಿ ಬಡವರ ವಸತಿ ಯೋಜನೆಗಳನ್ನು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ನಿರ್ವಹಿಸುತ್ತದೆ. ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗಾಗಿ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ವಿಶೇಷ ವರ್ಗದವರಿಗಾಗಿ ದೇವರಾಜ ಅರಸು ವಸತಿ ಯೋಜನೆ ಇವು ರಾಜ್ಯದ್ದು. ಕೇಂದ್ರದ್ದು 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ). ಇದರಡಿ ಮೈದಾನ ಪ್ರದೇಶದಲ್ಲಿ ಮನೆಯೊಂದಕ್ಕೆ 1.20 ಲಕ್ಷ ರೂ. ಸಹಾಯಧನವಿದ್ದು, ಮನೆಯು ಅಡಿಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರತಕ್ಕದ್ದು.

ಯಾವ ಯೋಜನೆಯಾದರೂ ಗ್ರಾಮಾಂತರದಲ್ಲಿ ಆಯ್ಕೆಯ ಕೇಂದ್ರ ಗ್ರಾಮಸಭೆ. ಕೇಂದ್ರದ ಯೋಜನೆಯು ಮನೆ ಇಲ್ಲದವರನ್ನು ಹಾಗೂ ಕಚ್ಚಾ ಗೋಡೆ, ಕಚ್ಚಾ ಸೂರಿನ ಎರಡು ಕೋಣೆಯವರೆಗಿನ ಮನೆಗಳಲ್ಲಿ ಇರುವವರನ್ನು ಪರಿಗಣಿಸುತ್ತದೆ. 2024ರಲ್ಲಿ ಈ ಯೋಜನೆಯನ್ನು ಮುಂದುವರಿಸುವಾಗ ಅನರ್ಹತೆಯ ಷರತ್ತುಗಳನ್ನು ಸಡಿಲಿಸಲಾಯಿತು. ದ್ವಿಚಕ್ರ ವಾಹನ ಇದೆ ಎಂಬ ಕಾರಣಕ್ಕೆ ಹಿಂದೆ ಹೆಸರು ಕೈಬಿಟ್ಟುಹೋಗುತ್ತಿತ್ತು, ಈಗ ಅದು ಅನರ್ಹತೆಯಲ್ಲ. ಕುಟುಂಬದ ಸದಸ್ಯರೊಬ್ಬರ ತಿಂಗಳ ಆದಾಯದ ಮಿತಿಯನ್ನು 10,000 ರೂ.ಗಳಿಂದ 15,000 ರೂ.ಗಳಿಗೆ ಏರಿಸಲಾಗಿದೆ. ಹಿಂದಿನ ಸಮೀಕ್ಷೆಯಲ್ಲಿ ಈ ಕಾರಣಗಳಿಂದ ತಿರಸ್ಕೃತರಾದವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಮತ್ತೊಮ್ಮೆ ಸಂಪರ್ಕಿಸಬೇಕಾದುದು ಅಗತ್ಯ. ಗ್ರಾಮಸಭೆಗೆ ಖುದ್ದು ಹಾಜರಾಗಿ, ಪಟ್ಟಿಯನ್ನು ಓದಿ ಹೇಳುವಾಗ ಹೆಸರಿದೆಯೇ ಎಂದು ಕೇಳಿಸಿಕೊಳ್ಳುವುದಕ್ಕೆ ಬದಲಿ ಉಪಾಯವಿಲ್ಲ. ಹೆಸರು ಬಿಟ್ಟುಹೋಗಿದ್ದಲ್ಲಿ ಆಕ್ಷೇಪಣೆಯನ್ನು ಅಲ್ಲಿಯೇ ಲಿಖಿತವಾಗಿ ಸಲ್ಲಿಸಿ, ನಡವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳತಕ್ಕದ್ದು.

ಇಲ್ಲೊಂದು ಮುಖ್ಯ ಎಚ್ಚರಿಕೆ. ಮನೆ ಮಂಜೂರಾಗುವುದೆಂಬ ಭರವಸೆಯ ಮೇಲೆ ಹಳೆಯ ಮನೆಯನ್ನು ಕೆಡವುವುದಾಗಲಿ, ಹೊಸ ಬುನಾದಿ ತೆಗೆಯುವುದಾಗಲಿ ಸಲ್ಲದು. ಹಳೆಯ ಮನೆಯ ಹಾಗೂ ಹೊಸ ಮನೆ ಕಟ್ಟುವ ಜಾಗದ ಛಾಯಾಚಿತ್ರವನ್ನು ಸಿಬ್ಬಂದಿಯು ಜಿಪಿಎಸ್ ಮೂಲಕ ಮೊದಲು ದಾಖಲಿಸಬೇಕು. ನಂತರ ಬುನಾದಿ, ಗೋಡೆ, ಸೂರು ಹೀಗೆ ಹಂತಹಂತವಾಗಿ ಛಾಯಾಚಿತ್ರ ತೆಗೆದ ಮೇಲೆ ಕಂತುಗಳು ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುತ್ತವೆ. ಮೊದಲೇ ಕೆಡವಿದ ಮನೆಗೆ ಸಾಕ್ಷ್ಯವಿಲ್ಲದಂತಾಗುತ್ತದೆ. ಮಂಜೂರಾತಿಯೂ ದೊರೆಯದೆ, ಇದ್ದ ಸೂರನ್ನೂ ಕಳೆದುಕೊಂಡು ಮಳೆಗಾಲವನ್ನು ಟಾರ್ಪಾಲಿನ ಕೆಳಗೆ ಕಳೆಯುವ ಪರಿಸ್ಥಿತಿ ಯಾವ ಕುಟುಂಬಕ್ಕೂ ಬರಬಾರದು. ಸಾಮಾನ್ಯವಾಗಿ ಮನೆಯನ್ನು ಮಹಿಳೆಯ ಹೆಸರಿಗೆ ಅಥವಾ ಪತಿ ಪತ್ನಿಯರ ಜಂಟಿ ಹೆಸರಿಗೆ ಮಂಜೂರು ಮಾಡುವುದರಿಂದ, ಬ್ಯಾಂಕ್ ಖಾತೆ ಮತ್ತು ಆಧಾರ್‌ನಲ್ಲಿ ಆಕೆಯ ಹೆಸರು ಒಂದೇ ರೀತಿ ಇರುವಂತೆ ಮೊದಲೇ ಸರಿಪಡಿಸಿಕೊಳ್ಳುವುದು ಒಳಿತು. ತವರಿನ ಇನಿಷಿಯಲ್ ಒಂದರಲ್ಲಿ, ಗಂಡನ ಹೆಸರು ಇನ್ನೊಂದರಲ್ಲಿ ಇದ್ದ ಕಾರಣಕ್ಕೇ ಕಂತು ತಡೆಹಿಡಿಯಲ್ಪಡುವುದುಂಟು.

ನಗರದ ಕೊಳಚೆ ಪ್ರದೇಶಗಳಲ್ಲಿ

2011ರ ಜನಗಣತಿಯ ಪ್ರಕಾರ ರಾಜ್ಯದ ಸುಮಾರು 33 ಲಕ್ಷ ಜನರು ಕೊಳಚೆ ಪ್ರದೇಶಗಳಲ್ಲಿ ವಾಸವಾಗಿದ್ದರು. ಇಲ್ಲಿ ಒಂದೊಂದು ಮನೆಯನ್ನು ಪ್ರತ್ಯೇಕವಾಗಿ ಸರಿಪಡಿಸುವುದರಿಂದ ಹೆಚ್ಚಿನ ಪ್ರಯೋಜನವಾಗದು. ಓಣಿಯಲ್ಲೇ ಒಳಚರಂಡಿ ಇಲ್ಲದಿದ್ದಾಗ ಮನೆಯೊಳಗಿನ ಶೌಚಾಲಯ ಎಲ್ಲಿಗೆ ಸೇರಬೇಕು? ಆದ್ದರಿಂದಲೇ 1973ರ ಅಧಿನಿಯಮವು ಇಡೀ ಪ್ರದೇಶವನ್ನು ಒಂದು ಘಟಕವಾಗಿ ನೋಡುತ್ತದೆ. 3ನೇ ಪ್ರಕರಣದ ಮೇರೆಗೆ ಪ್ರದೇಶವೊಂದನ್ನು ಕೊಳಚೆ ಪ್ರದೇಶವೆಂದು ಅಧಿಸೂಚನೆಯ ಮೂಲಕ ಘೋಷಿಸಬಹುದು. ತಗ್ಗು ಜಾಗ, ಅನೈರ್ಮಲ್ಯ, ಜನದಟ್ಟಣೆ, ಶಿಥಿಲ ಕಟ್ಟಡ, ಕಿರಿದಾದ ಓಣಿ ಇವೆಲ್ಲವೂ ಅದಕ್ಕೆ ಆಧಾರವಾಗಬಹುದು.

ಕೊಳಚೆ ಪ್ರದೇಶವೆಂಬ ಹೆಸರು ಬಂದರೆ ಬಡಾವಣೆಗೆ ಕಳಂಕವೆಂದು ಕೆಲವೆಡೆ ನಿವಾಸಿಗಳೇ ಹಿಂಜರಿಯುವುದುಂಟು. ವಾಸ್ತವದಲ್ಲಿ ಘೋಷಣೆಯು ರಕ್ಷಣೆಯೇ ಹೊರತು ಅವಮಾನವಲ್ಲ. ಘೋಷಿತ ಪ್ರದೇಶದಲ್ಲಿ ನೀರು, ಚರಂಡಿ, ರಸ್ತೆ, ಬೀದಿದೀಪ, ಶೌಚಾಲಯಗಳನ್ನು ಕಲ್ಪಿಸುವ ಅಧಿಕಾರ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿಗೆ ದೊರೆಯುತ್ತದೆ. ಅಲ್ಲಿನ ನಿವಾಸಿಗಳನ್ನು ನಿಯಮಿತ ಪ್ರಾಧಿಕಾರದ ಅನುಮತಿಯಿಲ್ಲದೆ ಒಕ್ಕಲೆಬ್ಬಿಸುವ ಕ್ರಮಗಳಿಗೆ ಅಧಿನಿಯಮವು ತಡೆ ಒಡ್ಡುತ್ತದೆ. ಖಾಸಗಿ ಜಾಗವಾಗಿದ್ದಲ್ಲಿ 17ನೇ ಪ್ರಕರಣದ ಮೇರೆಗೆ ಅದನ್ನು ಸ್ವಾಧೀನಪಡಿಸಿಕೊಳ್ಳಲೂ ಅವಕಾಶವಿದೆ. ಘೋಷಣೆಯಾಗದ ಓಣಿಯ ನಿವಾಸಿಗಳಿಗೆ ಈ ಯಾವ ಆಸರೆಯೂ ಇರುವುದಿಲ್ಲ. ಅಂತಹವರು ಒಬ್ಬೊಬ್ಬರಾಗಿ ಮನೆಗೆ ಅರ್ಜಿ ಸಲ್ಲಿಸುವ ಮೊದಲು, ಎಲ್ಲ ಕುಟುಂಬಗಳ ಪಟ್ಟಿ, ಸಹಿ ಹಾಗೂ ಜಾಗದ ಸರ್ವೆ ನಂಬರಿನೊಂದಿಗೆ ಪ್ರದೇಶದ ಘೋಷಣೆ ಕೋರಿ ಮಂಡಳಿಯ ಉಪವಿಭಾಗ ಕಚೇರಿಗೆ ಮತ್ತು ಜಿಲ್ಲಾಧಿಕಾರಿಗಳಿಗೆ ಸಾಮೂಹಿಕ ಮನವಿ ಸಲ್ಲಿಸುವುದು ಸೂಕ್ತ.

ನಗರದಲ್ಲಿ ಸ್ವಂತ ನಿವೇಶನವಿದ್ದು ಕಚ್ಚಾ ಮನೆಯಲ್ಲಿರುವವರಿಗೆ 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ನಗರ) 2.0ರ ಫಲಾನುಭವಿ ಆಧಾರಿತ ನಿರ್ಮಾಣ ಘಟಕವು ಅನ್ವಯಿಸುತ್ತದೆ. ಕೇಂದ್ರದ ಪಾಲು 1.50 ಲಕ್ಷ ರೂ. ಆಗಿದ್ದು ರಾಜ್ಯದ ಪಾಲು ಇದಕ್ಕೆ ಸೇರುತ್ತದೆ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷ ರೂ. ಮೀರಿರಬಾರದು, ದೇಶದ ಯಾವ ಭಾಗದಲ್ಲೂ ಕುಟುಂಬದವರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಸರ್ಕಾರದ ಯಾವುದೇ ವಸತಿ ಯೋಜನೆಯ ಲಾಭ ಪಡೆದಿರಬಾರದು. ತಂದೆಯ ಹೆಸರಿನಲ್ಲಿ ಹಳ್ಳಿಯಲ್ಲಿ ಮಂಜೂರಾದ ಮನೆಯನ್ನು ಮಗನ ಪ್ರತ್ಯೇಕ ಕುಟುಂಬದ್ದೆಂದು ತಪ್ಪಾಗಿ ನಮೂದಿಸಿದ್ದಲ್ಲಿ, ಪಡಿತರ ಚೀಟಿ ಮುಂತಾದ ದಾಖಲೆಗಳೊಂದಿಗೆ ಆಕ್ಷೇಪಣೆ ಸಲ್ಲಿಸಬಹುದು.

ಮಳೆ, ಪ್ರವಾಹದಿಂದ ಹಾನಿಯಾದ ಮನೆ

ಇದು ವಸತಿ ಯೋಜನೆಯ ವಿಷಯವಲ್ಲ, ಕಂದಾಯ ಇಲಾಖೆಯ ವಿಷಯ. 2019ರ ಪ್ರವಾಹದ ನಂತರ ರಾಜ್ಯದಲ್ಲಿ ಹಾನಿಗೊಳಗಾದ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ, ಸಂಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂ. ನಿಗದಿಪಡಿಸಲಾಗಿತ್ತು. ಈ ಮೊತ್ತವನ್ನು ಆಯಾ ವರ್ಷದ ಸರ್ಕಾರಿ ಆದೇಶ ನಿರ್ಧರಿಸುವುದರಿಂದ 2019ರ ದರವನ್ನೇ ಪ್ರತಿ ಬಾರಿಯೂ ನಿರೀಕ್ಷಿಸಲಾಗದು. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ನಿಗದಿಪಡಿಸಿದ ಮಾನದಂಡದಲ್ಲಿ ಮೈದಾನ ಪ್ರದೇಶದ ಪೂರ್ಣ ಹಾನಿಗೆ 1.20 ಲಕ್ಷ ರೂ., ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ. ಇತ್ತು. ಭಾಗಶಃ ಹಾನಿಯು ಕನಿಷ್ಠ ಶೇ. 15 ಇರಬೇಕೆಂಬ ಷರತ್ತು ಇಲ್ಲಿ ಗಮನಾರ್ಹ.

ಹಾನಿಯಾದ ಕೂಡಲೇ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ಬಿದ್ದ ಗೋಡೆಯ ಮಣ್ಣನ್ನು ತೆರವುಗೊಳಿಸುವ ಮೊದಲು ಮನೆಯ ನಾಲ್ಕೂ ದಿಕ್ಕಿನಿಂದ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಸೂಕ್ತ. ಗೋಡೆಯೊಂದು ಬಿದ್ದು ಉಳಿದವು ನಿಂತಿದ್ದರೂ ಅವುಗಳ ಬುನಾದಿ ನೀರು ಕುಡಿದು ಸಡಿಲಗೊಂಡಿರಬಹುದು. ಜಂಟಿ ಸಮೀಕ್ಷೆಗೆ ಬರುವ ಅಭಿಯಂತರರಿಗೆ ಅದನ್ನು ತೋರಿಸದಿದ್ದಲ್ಲಿ ಮನೆಯು ಕೆಳಗಿನ ವರ್ಗಕ್ಕೆ ಸೇರಿಹೋಗುತ್ತದೆ. ವರ್ಗೀಕರಣ ಒಪ್ಪಿಗೆಯಾಗದಿದ್ದಲ್ಲಿ ಮರುಸಮೀಕ್ಷೆಗೆ ತಹಶೀಲ್ದಾರರಿಗೆ ಮನವಿ ಸಲ್ಲಿಸಬಹುದು.

ಬಾಡಿಗೆದಾರರು ಹಾಗೂ ನೆರೆಯ ಅಪಾಯಕಾರಿ ಕಟ್ಟಡಗಳು

ಬಾಡಿಗೆ ಮನೆಯ ನೀರು, ವಿದ್ಯುತ್ ಮುಂತಾದ ಅಗತ್ಯ ಸೌಲಭ್ಯಗಳನ್ನು ಸಕಾರಣವಿಲ್ಲದೆ ಕಡಿತಗೊಳಿಸುವುದನ್ನು ಕರ್ನಾಟಕ ಬಾಡಿಗೆ ಅಧಿನಿಯಮ, 1999 ನಿಷೇಧಿಸುತ್ತದೆ. ಆದರೆ ಪ್ರಮುಖ ನಗರಗಳಲ್ಲಿ ತಿಂಗಳಿಗೆ 3,500 ರೂ., ಇತರೆಡೆ 2,000 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಈ ಅಧಿನಿಯಮ ಅನ್ವಯವಾಗದ ಕಾರಣ, ಇಂದಿನ ಬಾಡಿಗೆ ದರಗಳಲ್ಲಿ ಇದರ ಆಸರೆ ಕೆಲವರಿಗಷ್ಟೇ ದೊರೆಯುತ್ತದೆ. ಉಳಿದವರಿಗೆ ಕರಾರು ಪತ್ರವೇ ಆಧಾರ. ದುರಸ್ತಿ ಯಾರ ಹೊಣೆ ಎಂಬುದನ್ನು ಅದರಲ್ಲಿ ಬರೆಸಿಕೊಳ್ಳುವುದು ಉಚಿತ.

ಕುಸಿಯುವಂತಿರುವ ಕಟ್ಟಡದ ವಿಷಯದಲ್ಲಿ ಬಾಡಿಗೆಯ ಮೊತ್ತ ಪ್ರಸ್ತುತವಲ್ಲ. ಸ್ವಂತದ್ದಾಗಲಿ, ಬಾಡಿಗೆಯದಾಗಲಿ, ನೆರೆಯವರದಾಗಲಿ, ಅಂತಹ ಕಟ್ಟಡವನ್ನು ಪರಿಶೀಲಿಸಿ ದುರಸ್ತಿಗೆ ಅಥವಾ ತೆರವಿಗೆ ನೋಟಿಸು ನೀಡುವ ಅಧಿಕಾರ ನಗರ ಸ್ಥಳೀಯ ಸಂಸ್ಥೆಗಿದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಕಟ್ಟಡವು ಯಾವ ಪಾಲಿಕೆಯ ವ್ಯಾಪ್ತಿಗೆ ಸೇರಿದೆಯೆಂಬುದನ್ನು ನೋಡಿಕೊಂಡು ದೂರು ಸಲ್ಲಿಸತಕ್ಕದ್ದು.

ಅರ್ಜಿಯ ಸಿದ್ಧತೆ ಮತ್ತು ಅನುಸರಣೆ

ಅರ್ಜಿಯೊಂದಿಗೆ ಆಧಾರ್, ಪಡಿತರ ಚೀಟಿ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಜಾಗದ ದಾಖಲೆ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇವು ಸಾಮಾನ್ಯವಾಗಿ ಬೇಕಾಗುತ್ತವೆ. ಇವುಗಳಿಗೆ ಮನೆಯ ಸ್ಥಿತಿಯ ಕುರಿತು ಒಂದು ಪುಟದ ವಿವರಣೆಯನ್ನು ಲಗತ್ತಿಸುವುದು ಅಪೇಕ್ಷಣೀಯ. ಮೇಲೆ ತಿಳಿಸಿದ ಏಳು ಅಂಶಗಳ ಕ್ರಮದಲ್ಲಿ, ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಅಳತೆ ಎಷ್ಟು, ನೀರು ಎಲ್ಲಿಂದ, ಶೌಚಾಲಯ ಎಲ್ಲಿ, ಅಂಗವಿಕಲರು, ಹಾಸಿಗೆ ಹಿಡಿದವರು, ಗರ್ಭಿಣಿಯರು ಇದ್ದಾರೆಯೇ ಎಂಬುದನ್ನು ಸರಳವಾಗಿ ಬರೆದರೆ ಸಾಕು. ಇರುವುದನ್ನು ಹೆಚ್ಚಿಸಿ ಬರೆಯಬಾರದು. ಸ್ಥಳ ಪರಿಶೀಲನೆಯಲ್ಲಿ ಒಂದು ಅಂಶ ಸುಳ್ಳೆಂದು ಕಂಡಲ್ಲಿ ಉಳಿದ ನಿಜವಾದ ಅಂಶಗಳೂ ಸಂಶಯಕ್ಕೆ ಒಳಗಾಗುತ್ತವೆ.

ಯಾವ ಹಂತದಲ್ಲೂ ಮಧ್ಯವರ್ತಿಗಳಿಗೆ ಹಣ ನೀಡಬೇಕಾಗಿಲ್ಲ. ಅರ್ಜಿಗೆ ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿಯನ್ನು ತಪ್ಪದೆ ಪಡೆಯತಕ್ಕದ್ದು. ಜಾತಿ, ಆದಾಯ ಪ್ರಮಾಣಪತ್ರಗಳಂತಹ ಸೇವೆಗಳು 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವುದರಿಂದ, ಸ್ವೀಕೃತಿಯಲ್ಲಿನ ಸಂಖ್ಯೆಯ ಆಧಾರದ ಮೇಲೆ ವಿಳಂಬದ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು. ಮನೆ ಮಂಜೂರಾತಿಯಾಗಲಿ, ತಿರಸ್ಕಾರವಾಗಲಿ ಲಿಖಿತವಾಗಿ ತಿಳಿಯದಿದ್ದಲ್ಲಿ, ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ತಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮ, ಸ್ಥಳ ಪರಿಶೀಲನಾ ವರದಿಯ ಪ್ರತಿ ಹಾಗೂ ಆಯ್ಕೆ ಪಟ್ಟಿಯ ಪ್ರತಿಯನ್ನು ಕೋರಬಹುದು. ಉತ್ತರಕ್ಕೆ ನಿಗದಿತ ಅವಧಿ 30 ದಿನಗಳು. ಪರಿಶೀಲನಾ ವರದಿಯಲ್ಲಿ "ಪಕ್ಕಾ ಮನೆ ಇದೆ" ಎಂದು ತಪ್ಪಾಗಿ ನಮೂದಾಗಿರುವುದು ಈ ಮಾರ್ಗದಿಂದಲೇ ಅನೇಕ ವೇಳೆ ಬೆಳಕಿಗೆ ಬರುತ್ತದೆ. ಹಾಗಿದ್ದಲ್ಲಿ ಮನೆಯ ಛಾಯಾಚಿತ್ರಗಳೊಂದಿಗೆ ಮರುಪರಿಶೀಲನೆ ಕೋರಿ, ಗ್ರಾಮಾಂತರದವರು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ನಗರದವರು ಸ್ಥಳೀಯ ಸಂಸ್ಥೆಯ ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ ಮನವಿ ಸಲ್ಲಿಸುವುದು. ಅಲ್ಲಿಯೂ ಕ್ರಮವಾಗದಿದ್ದಲ್ಲಿ 1902 ಸಹಾಯವಾಣಿಯಲ್ಲಿ ಕುಂದುಕೊರತೆಯನ್ನು ದಾಖಲಿಸಿ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.